ಬೆರಳಷ್ಟು ಬಿಡುವು

ಮಾರ್ಚ್ ಹನ್ನೊಂದು, ಬುಧವಾರ. ಬೆಳಗಿನಿಂದ ಒಣ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಗಾಳಿಯೂ ನಿಂತಿತ್ತು.

"ಅಜ್ಜಾರ, ಇಬ್ಬರು ಕೂಡಿ ದುಡಿಯೂದಾದ್ರ ನಡುವ ಬಿಗಿ ಇರಬೇಕೋ, ಸಡಲ ಇರಬೇಕೋ?" ಎಂದು ಗುರುಪಾದ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

ಗುರುಪಾದ ಆ ಮಠಕ್ಕೆ ಚಿಕ್ಕಂದಿನಿಂದ ನಡೆದುಕೊಂಡವನು. ಬಸ್ ನಿಲ್ದಾಣದ ಎದುರು ತಮ್ಮ ರುದ್ರಮುನಿಯ ಜೊತೆ ಖಾನಾವಳಿ ನಡೆಸುತ್ತಿದ್ದ. ಅಡುಗೆಮನೆ ಅಣ್ಣನದು, ಬಡಿಸುವುದು ತಮ್ಮನದು. ಆ ದಿನ ಅವನು ಒಂದು ತೆಂಗಿನಕಾಯಿ ಹಿಡಿದುಕೊಂಡು ಬಂದಿದ್ದ. ತಮ್ಮನನ್ನೂ ಕರೆತಂದಿದ್ದ. ತಮ್ಮ ಒಳಗೆ ಬಂದಿರಲಿಲ್ಲ. ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತು ಮಠದ ತೋಟದವನ ಜೊತೆ ಮಾತಾಡುತ್ತಿದ್ದ. ಅವನ ನಗು ಆಗಾಗ ಪಡಸಾಲೆಯವರೆಗೂ ಕೇಳುತ್ತಿತ್ತು.

"ಏನು ಮಾಡಿದ ನಿನ್ನ ತಮ್ಮ?" ಎಂದು ಗುರುಗಳು ಕೇಳಿದರು.

"ಕಳವು ಮಾಡಿಲ್ರಿ. ಸುಳ್ಳು ಹೇಳಿಲ್ಲ. ಆದ್ರ ನಾ ಹೇಳಿದ್ದು ಒಂದು, ಅವ ಮಾಡೂದು ಅದರ ಬಾಜೂಕಿಂದು. ಊಟ ಮುಗಿಸಿ ಎದ್ದವರನ್ನ ಕುಂದ್ರಿಸಿ ಇನ್ನೊಂದು ರೊಟ್ಟಿ ಹಾಕ್ತಾನ. ಹಾಕಬ್ಯಾಡೋ ಅಂದ್ರ ಅರ್ಧ ಹಾಕ್ತಾನ. ಬಾಗಲಾ ಹಾಕು ಅಂದ್ರ ಒಂದ ಪಡಕು ಹಾಕ್ತಾನ, ಯಾರರ ಹಸಗೊಂಡು ಬರಬಹುದು ಅಂತ. ದಿನಾ ಕಟಿಪಿಟಿ. ನನಗ ಸಾಕಾಗೇದ್ರಿ."

"ನನ್ನಿಂದ ಏನಾಗಬೇಕು?"

"ಅವನ್ನ ಒಳಗ ಕರೀರಿ. ಗದ್ದುಗಿ ಮುಟ್ಟಿಸಿ ಆಣೆ ಮಾಡಿಸ್ರಿ. ಅಣ್ಣ ಹೇಳಿದ್ದರಾಗ ಕೂದಲೆಳಿಯಷ್ಟು ಆಚೀಚೆ ಆಗೂದಿಲ್ಲ ಅಂತ ಅನ್ನಲಿ. ಅಂದ್ರ ಕೂಡಿ ಇರ್ತೀವಿ. ಇಲ್ಲಂದ್ರ ಇವತ್ತ ಬ್ಯಾರೆ ಆಗ್ತೀವಿ."

"ಅವನು ಅನ್ನುತ್ತಾನೆಯೇ?"

"ಗದ್ದುಗಿ ಮ್ಯಾಲೆ ಅಂವಗ ಭಾಳ ಅಂಜಿಕಿ ಐತ್ರಿ. ಅಂದ್ರ ಸಾಯೂತನಕ ಮುರಿಯೂದಿಲ್ಲ."

ಗುರುಗಳು ಹೊಸೆದ ಬತ್ತಿಯನ್ನು ಹರಿವಾಣದಲ್ಲಿ ಇಟ್ಟರು. ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು.

"ಕಾಯಿ ಕೆಳಗಿಡು" ಎಂದರು. "ಒಬ್ಬ ಕುಂಬಾರನಿದ್ದ."

ಗುರುಪಾದ ಕಾಯಿಯನ್ನು ಕೆಳಗಿಡಲಿಲ್ಲ. ಕುಳಿತುಕೊಂಡ. ಗುರುಗಳು ಹೇಳಿದರು.

ಆ ಕುಂಬಾರ ಮಾಡುತ್ತಿದ್ದ ಗಡಿಗೆಗಳು ತೆಳುವಾಗಿದ್ದವು. ನೀರು ಬೇಗ ತಣ್ಣಗಾಗುತ್ತಿತ್ತು. ಜನ ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು. ಆದರೆ ತೆಳುವಾದ ಗಡಿಗೆ ದಾರಿಯನ್ನು ತಾಳುವುದಿಲ್ಲ. ಬಾಡಿಗೆ ಗಾಡಿಯವರು ಕೆಳಗೆ ಇಳಿಸಿ ಹೋದ ಮೇಲೆ ನೋಡಿದರೆ ಯಾವುದಾದರೊಂದು ಸೀಳಿರುತ್ತಿತ್ತು. ಆವಿಗೆಯ ಬೆಂಕಿಯಿಂದ ಸುಖವಾಗಿ ಹೊರಬಂದದ್ದು ಸಂತೆಯ ದಾರಿಯಲ್ಲಿ ಸೀಳುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಅವನು ಒಂದು ಹಳೆಯ ಜೀಪನ್ನು ಕೊಂಡ. ಎರಡು ಗಾಲಿಯ ಒಂದು ಟ್ರೇಲರನ್ನೂ ಕೊಂಡ.

ಜೀಪಿಗೆ ಕೊಂಡಿ ಇರಲಿಲ್ಲ. ಕೊಂಡಿ ಇಲ್ಲದೆ ಟ್ರೇಲರನ್ನು ಎಳೆಯುವಂತಿಲ್ಲ. ವರ್ಕ್‌ಶಾಪಿಗೆ ಕೊಡು ಎಂದು ಎಲ್ಲರೂ ಹೇಳಿದರು. ಅವನು ಕೊಡಲಿಲ್ಲ. ತನ್ನ ಗಾಡಿಗೆ ತಾನೇ ಕೂರಿಸುತ್ತೇನೆ ಎಂದ. ಅವನಿಗೆ ಬೇರೆಯವರ ಕೈಕೆಲಸ ಒಪ್ಪುತ್ತಿರಲಿಲ್ಲ. ಹೆಂಡತಿ ಮಣ್ಣು ತುಳಿದರೆ ತಾನು ಮತ್ತೊಮ್ಮೆ ತುಳಿಯುತ್ತಿದ್ದ.

ಕೆಲಸವನ್ನು ಚೆನ್ನಾಗಿಯೇ ಮಾಡಿದ. ಇಂಥ ಕೆಲಸಕ್ಕೆ ಹೊಸಬರು ಕೊಂಡಿಯನ್ನು ಬಂಪರಿಗೆ ಬಿಗಿದುಬಿಡುತ್ತಾರೆ. ಬಂಪರು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಭಾರ ಬಂದ ದಿನ ಕಿತ್ತು ಬರುತ್ತದೆ. ಇವನು ಹಾಗೆ ಮಾಡಲಿಲ್ಲ. ಜೀಪಿನ ಕೆಳಗೆ ಅಂಗಾತ ಮಲಗಿ ಚಾಸಿಯ ಅಡ್ಡ ತೊಲೆಯನ್ನು ಹುಡುಕಿದ. ತುಕ್ಕು ಕೆರೆದ. ಗುಜರಿಯಿಂದ ತಂದ ಎರಡು ದಪ್ಪ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು, ತೆರೆದ ದವಡೆಯ ಹಾಗೆ, ಆ ತೊಲೆಗೇ ಬೋಲ್ಟು ಹಾಕಿ ಕೂರಿಸಿದ. ಟ್ರೇಲರಿನ ಮೂಕಿಯ, ಅಂದರೆ ಎಳೆಯಲು ಮುಂದೆ ಚಾಚಿದ ಕಂಬದ, ತುದಿಯಲ್ಲಿ ಒಂದು ಕಬ್ಬಿಣದ ಬಳೆ ಇತ್ತು. ಆ ಬಳೆ ದವಡೆಯೊಳಗೆ ಹೋಗಬೇಕು. ಮೇಲಿನಿಂದ ಒಂದು ದಪ್ಪ ಪಿನ್ನನ್ನು ಇಳಿಸಿದರೆ ಮೂರೂ ಒಂದಾಗುತ್ತವೆ. ಅಷ್ಟೇ ಕೊಂಡಿ.

ಅವನು ಟ್ರೇಲರಿಗೆ ಹುಲ್ಲು ಹಾಸಿ, ಗಡಿಗೆ ಹೇರಿ, ಸಂತೆಗೆ ಹೊರಟ. ಕೊಂಡಿ ಗಟ್ಟಿಯಾಗಿತ್ತು. ಆದರೆ ಸದ್ದು ಮಾಡಿತು. ದವಡೆಯ ಬಾಯಿ ಬಳೆಗಿಂತ ತುಸು ಅಗಲವಾಗಿತ್ತು. ಜೀಪು ನಿಂತರೆ ಬಳೆ ಮುಂದಕ್ಕೆ ಬಡಿಯುತ್ತಿತ್ತು. ಹೊರಟರೆ ಹಿಂದಕ್ಕೆ. ತಗ್ಗು ಬಂದರೆ ಮೇಲೆ ಕೆಳಗೆ. ಪ್ರತಿಯೊಂದು ಬಡಿತವೂ ಅವನಿಗೆ ಒಂದೊಂದು ಗಡಿಗೆ ಒಡೆದಂತೆ ಕೇಳಿಸಿತು.

ಸಂತೆಯಲ್ಲಿ ಇಳಿಸಿ ನೋಡಿದ. ಒಂದು ಹೂಜಿಯ ಕಂಠ ಸೀಳಿತ್ತು. ಅದು ಹುಲ್ಲು ಸರಿದು ಪಕ್ಕದ ಗಡಿಗೆಗೆ ತಾಗಿ ಸೀಳಿತ್ತು. ಅವನು ಹುಲ್ಲನ್ನು ನೋಡಲಿಲ್ಲ. ಕೊಂಡಿಯನ್ನು ನೋಡಿದ.

ಮನೆಗೆ ಬಂದವನು ಟೈರಿನ ರಬ್ಬರನ್ನು ಕತ್ತರಿಸಿ ದವಡೆಯ ಸಂದಿಗೆ ತುರುಕಿದ. ಕೆಲವು ದಿನ ಸದ್ದು ಅಡಗಿತು. ರಬ್ಬರು ಸವೆಯಿತು. ಗೋಣಿಚೀಲ ತುರುಕಿದ. ಅದೂ ಸವೆಯಿತು. ಕೊನೆಗೆ ಬಳೆಯ ಮೇಲೊಂದು ಕೆಳಗೊಂದು ಕಬ್ಬಿಣದ ಬಿಲ್ಲೆಯನ್ನು ಅಳತೆಗೆ ಸರಿಯಾಗಿ ಉಜ್ಜಿ, ಸುತ್ತಿಗೆಯಿಂದ ಬಡಿದು ಕೂರಿಸಿದ. ಅದರ ಮೇಲೆ ಪಿನ್ನು ಬಡಿದ. ಮೂಕಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಲಿಲ್ಲ, ಜೀಪೇ ಅಲ್ಲಾಡಿತು. ಅವನಿಗೆ ಸಂತೋಷವಾಯಿತು.

ಅಲ್ಲಿಂದ ಮುಂದೆ ಸದ್ದಿಲ್ಲ. ಸಂತೆಯ ದಾರಿ ಡಾಂಬರಿನದು, ಅಲ್ಲೊಂದು ಇಲ್ಲೊಂದು ಸಣ್ಣ ತಗ್ಗು ಬಿಟ್ಟರೆ ಚಪ್ಪಟೆ. ಜೀಪು ಮತ್ತು ಟ್ರೇಲರು ಒಂದೇ ಮೈಯಾಗಿ ಹೋಗಿ ಬಂದವು. ಊರವರು ಹೊಗಳಿದರು. ಹೊಗಳದವಳು ಹೆಂಡತಿ ಒಬ್ಬಳೇ.

"ಮೊದಲ ಚಲೋ ಇತ್ತು" ಎಂದಳು. "ಕೆರಿ ಏರಿ ಮ್ಯಾಲೆ ನಿಮ್ಮ ಗಾಡಿ ಗಡಗಡ ಅಂದ್ರ ನಾ ರೊಟ್ಟಿ ಬಡೀತಿದ್ನಿ. ಈಗ ಕಳ್ಳರು ಬಂದಂಗ ಬರ್ತೀರಿ. ಆರಿದ್ದು ತಿನ್ನರಿ."

ಅವನು ಆರಿದ ರೊಟ್ಟಿಯನ್ನೇ ತಿಂದ.

ಆ ದಿನಗಳಲ್ಲಿ ಅವನ ಮಾವ ಮಗಳನ್ನು ನೋಡಲು ಬಂದ. ಮಾವ ಎತ್ತಿನ ಚಕ್ಕಡಿ ಹೊಡೆದು ಬದುಕಿದವನು. ಊಟವಾದ ಮೇಲೆ ಅಂಗಳಕ್ಕೆ ಬಂದು ಕೊಂಡಿಯ ಮುಂದೆ ಬಹಳ ಹೊತ್ತು ನಿಂತ. ಬಗ್ಗಿ ದವಡೆಯ ಸಂದಿಗೆ ಬೆರಳು ಹಾಕಲು ನೋಡಿದ. ಬೆರಳು ಹೋಗಲಿಲ್ಲ.

ಅಳಿಯನ ಕಡೆ ತಿರುಗಿ ಒಂದು ಬೆರಳು ಎತ್ತಿದ. "ಅಳಿಯಾರ, ಇದಕ್ಕ ಇಷ್ಟು ಬಿಡುವು ಕೊಡ್ರಿ" ಎಂದ.

"ಆಗ್ಲಿ ಮಾಂವಾರ" ಎಂದ ಅಳಿಯ.

ಮಾವ ಕೇಳಿದ್ದು ಬೆರಳಿನ ದಪ್ಪದಷ್ಟು ಜಾಗ. ಅಳಿಯ ತಿಳಿದದ್ದು ವಾರಕ್ಕೆ ಒಂದು ದಿನ. ಅವನು ದಡ್ಡನಾಗಿರಲಿಲ್ಲ. ಆ ಸೀಮೆಯಲ್ಲಿ ಎತ್ತುಗಳಿಗೆ ಸೋಮವಾರ ಬಿಡುವು. ಬಸವಣ್ಣನ ವಾರ, ಅಂದು ಯಾರೂ ನೊಗ ಹೂಡುವುದಿಲ್ಲ. ಚಕ್ಕಡಿ ಹೊಡೆದ ಮುದುಕ ಒಂದು ಬೆರಳು ಎತ್ತಿ ಬಿಡುವು ಎಂದರೆ ಇನ್ನೇನು? ಜೀಪಿಗೂ ಎತ್ತಿನ ಶಾಸ್ತ್ರ ಹೇಳುತ್ತಾನಲ್ಲ ಎಂದು ಒಳಗೊಳಗೇ ನಕ್ಕ. ಆದರೂ ಮಾವನ ಮಾತು. ಅದನ್ನು ತೆಗೆದುಹಾಕುವಂತಿಲ್ಲ.

ಮಾವ ಮರುದಿನ ಹೊರಡುವಾಗ ಕೊಂಡಿಯನ್ನು ಇನ್ನೊಮ್ಮೆ ನೋಡಿದ. ಅದು ಹಾಗೆಯೇ ಇತ್ತು. ಅಳಿಯನಿಗೆ ಒಂದೇ ಮಾತನ್ನು ಎರಡು ಸಲ ಹೇಳುವುದು ಆ ಮನೆತನಗಳಲ್ಲಿ ರೂಢಿಯಲ್ಲ. ಮಾವ ಮರ್ಯಾದೆಗೆ ಸುಮ್ಮನಾದ. ಅಳಿಯ ಮರ್ಯಾದೆಗೆ ಹೂಂ ಎಂದಿದ್ದ. ಇಬ್ಬರಲ್ಲಿ ಒಬ್ಬನಾದರೂ ಬಾಯಿಬಿಟ್ಟು ಕೇಳಿದ್ದರೆ ಈ ಕತೆ ಇಲ್ಲ.

ಸೋಮವಾರ ಬಂತು. ಕುಂಬಾರ ಜೀಪನ್ನು ಮರದ ನೆರಳಿಗೆ ನಿಲ್ಲಿಸಿದ. ಕೊಂಡಿಯನ್ನು ತೊಳೆದು, ಪಟ್ಟಿಗಳಿಗೆ ವಿಭೂತಿ ಬಳಿದು, ಒಂದು ಹೂವನ್ನು ಇಟ್ಟ. ಆ ದಿನ ಯಾರು ಕೇಳಿದರೂ ಗಾಡಿ ಹೂಡಲಿಲ್ಲ. ಆದರೆ ಪಿನ್ನನ್ನು ತೆಗೆಯಲಿಲ್ಲ. ತೆಗೆದರೆ ಮತ್ತೆ ಅಷ್ಟು ಬಿಗಿಯಾಗಿ ಕೂರುವುದಿಲ್ಲ ಎಂಬ ಭಯ. ಕೊಂಡಿ ಬಿಗಿದ ಹಾಗೆಯೇ ವಿಶ್ರಾಂತಿ ಪಡೆಯಿತು. ಹೀಗೆ ಪ್ರತಿ ಸೋಮವಾರ.

ಇಲ್ಲಿ ಗುರುಪಾದ ನಕ್ಕುಬಿಟ್ಟ. "ಕಬ್ಬಣಕ್ಕ ವಿಭೂತಿ ಹಚ್ಚಿ ಕುಂದ್ರಿಸಿದ್ನೇನ್ರಿ!"

"ನೀನು ಕಾಯಿ ತಂದಿದ್ದೀಯ" ಎಂದರು ಗುರುಗಳು.

ಗುರುಪಾದನ ನಗು ನಿಂತಿತು. ಗುರುಗಳು ಮುಂದುವರಿಸಿದರು.

ಹಳ್ಳದ ಆಚೆಯ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನು ಈ ಗಡಿಗೆಗಳ ಸುದ್ದಿ ಕೇಳಿದ. ಹೇಳಿ ಕಳಿಸಿದ: ಬೇಸಿಗೆಗೆ ಒಂದು ಆವಿಗೆಯ ಮಾಲನ್ನು ಪೂರ್ತಿ ತೆಗೆದುಕೊಳ್ಳುತ್ತೇನೆ, ಎಲ್ಲವೂ ಸುಖವಾಗಿ ಬಂದರೆ ಇನ್ನು ಮೇಲೆ ಪ್ರತಿ ವರ್ಷ ನಿನ್ನದೇ, ಒಂದು ಸೀಳಿದ್ದರೂ ಎರಡನೆಯ ಸಲ ಬರಬೇಡ. ಕುಂಬಾರನಿಗೆ ಆ ಮಾತು ಇಷ್ಟವಾಯಿತು. ಅವನು ಬದುಕಿದ್ದೇ ಆ ಲೆಕ್ಕದ ಮೇಲೆ. ಹಗಲೂ ಸಂಜೆಯೂ ತಿಗರಿಯ ಮುಂದೆ ಕುಳಿತು ಗಡಿಗೆ ತಿರುವಿದ. ಆವಿಗೆ ತೆರೆದಾಗ ಒಂದೊಂದನ್ನೂ ತಟ್ಟಿ ನೋಡಿದ. ಹುಲ್ಲನ್ನು ಈ ಸಲ ಮೂರು ಪಟ್ಟು ಹಾಸಿದ.

"ನನ್ನ ಲಗ್ನದಾಗ ನನಗ ಇಷ್ಟು ಮೆತ್ತಗ ಹಾಸಿರಲಿಲ್ಲ" ಎಂದಳು ಹೆಂಡತಿ. ಮುಂದಿನ ಸೀಟಿನಲ್ಲಿ ಹತ್ತಿ ಕುಳಿತಳು. ಇಬ್ಬರೂ ಹೊರಟರು.

ಹಳ್ಳಕ್ಕೆ ಸೇತುವೆ ಇರಲಿಲ್ಲ. ಬೇಸಿಗೆ, ನೀರೂ ಇರಲಿಲ್ಲ. ಗಾಡಿಗಳು ಈ ದಡದಲ್ಲಿ ಇಳಿದು ಆ ದಡವನ್ನು ಏರುತ್ತಿದ್ದವು. ಚಕ್ಕಡಿಯವರು ದಿನವೂ ದಾಟುವ ಜಾಗ. ಕುಂಬಾರ ಅದುವರೆಗೆ ಆ ಕಡೆ ಗಾಡಿ ತಂದಿರಲಿಲ್ಲ.

ಜೀಪು ಇಳಿಯಿತು. ಹಿಂದೆ ಕೊಂಡಿ ನರಳಿತು. ಎಷ್ಟೋ ತಿಂಗಳ ಮೇಲೆ ಕೇಳಿದ ಸದ್ದು. ಹೆಂಡತಿ ಅವನ ಮುಖ ನೋಡಿದಳು. ಅವನು ನಿಲ್ಲಿಸಲಿಲ್ಲ.

ಜೀಪಿನ ಮುಂದಿನ ಗಾಲಿಗಳು ಆಚೆಯ ಏರನ್ನು ಹತ್ತತೊಡಗಿದವು. ಟ್ರೇಲರಿನ ಗಾಲಿಗಳು ಇನ್ನೂ ಈಚೆಯ ಇಳಿಜಾರಿನಲ್ಲಿದ್ದವು. ಮುಂದಿನದು ಮೇಲೆ ಮುಖ ಮಾಡಬೇಕು, ಹಿಂದಿನದು ಕೆಳಗೆ. ಕೊಂಡಿ ಬಾಗಬೇಕು. ಬಾಗಲು ಅದರೊಳಗೆ ಜಾಗ ಇರಲಿಲ್ಲ. ಜೀಪು ಮತ್ತು ಟ್ರೇಲರು ಒಂದೇ ತೊಲೆಯಾಗಿ ಎರಡು ದಡಗಳ ಮೇಲೆ ಕುಳಿತವು. ನಡುವೆ ಜೀಪಿನ ಹಿಂದಿನ ಗಾಲಿಗಳು ನೆಲ ಬಿಟ್ಟು ಎದ್ದವು. ಎಳೆಯುವ ಗಾಲಿಗಳು ಅವೇ. ಅವು ಗಾಳಿಯಲ್ಲಿ ತಿರುಗಿದವು.

ಅವನು ಇಂಜಿನ್ ನಿಲ್ಲಿಸಿ ಇಳಿದ. ಸುತ್ತಲೂ ನೋಡಿದ. ಅವನು ಕೂರಿಸಿದ ಬೋಲ್ಟುಗಳಲ್ಲಿ ಒಂದೂ ಕಿತ್ತಿರಲಿಲ್ಲ. ಪಟ್ಟಿ ಬಾಗಿರಲಿಲ್ಲ. ಜೀಪಿನ ಹಿಂಭಾಗದ ಭಾರವೆಲ್ಲ ಕೊಂಡಿಯ ಮೇಲೆ ನೇತಾಡುತ್ತಿತ್ತು. ಕೊಂಡಿ ಹಿಡಿದುಕೊಂಡೇ ಇತ್ತು. ಕೆಲಸ ಅಷ್ಟು ಚೆನ್ನಾಗಿತ್ತು.

"ಮೊದಲ ಗಡಿಗಿ ಇಳಸೂಣು" ಎಂದಳು ಹೆಂಡತಿ. "ಆಮ್ಯಾಲೆ ಯಾರನ್ನರ ಕರ್ಯೂಣು. ಅಲ್ಲಿ ಚಕ್ಕಡಿ ಬರಾಕತ್ತಾವ."

"ಗಡಿಗಿ ಮುಟ್ಟಬ್ಯಾಡ" ಎಂದ ಅವನು. "ಹಾಸಿದ್ದು ಕೆಟ್ಟರ ಮತ್ತ ಹಂಗ ಕೂಡೂದಿಲ್ಲ. ಒಂದೂ ಒಡೀಬಾರದು."

"ಗಡಿಗಿ ಒಡದರ ಮತ್ತ ಮಾಡಾಕ ಮಣ್ಣು ಐತಿ."

ಪಿನ್ನು ತೆಗೆದರೆ ಜೀಪು ಕೆಳಗೆ ಕೂರುತ್ತದೆ, ಗಾಲಿಗೆ ನೆಲ ಸಿಗುತ್ತದೆ ಎಂದು ಅವನ ಲೆಕ್ಕ. ಲೆಕ್ಕ ಸರಿಯಾಗಿತ್ತು. ಟ್ರೇಲರಿನ ಗಾಲಿಗಳಿಗೆ ಕಲ್ಲು ಕೊಟ್ಟ. ಮೂಕಿಯ ಕೆಳಗೂ ಕಲ್ಲು ಜೋಡಿಸಿದ, ಗಡಿಗೆಗಳು ಮುಗ್ಗರಿಸದ ಹಾಗೆ. ಸುತ್ತಿಗೆ ತೆಗೆದುಕೊಂಡು ಕೊಂಡಿಯ ಕೆಳಗೆ ಕುಳಿತ. ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ಬಡಿದ. ಅದು ಕದಲಲಿಲ್ಲ. ಭಾರವೆಲ್ಲ ಅದರ ಮೇಲೆಯೇ ಇತ್ತು. ತುಸು ಕದಲಿದಂತೆ ಕಂಡಾಗ, ತೂತುಗಳು ನೇರಕ್ಕೆ ಬಂದವೋ ಇಲ್ಲವೋ ಎಂದು ತಿಳಿಯಲು ಎಡಗೈಯಿಂದ ಬಳೆಯನ್ನು ಹಿಡಿದು, ಬಲಗೈಯಿಂದ ಮತ್ತೆ ಬಡಿದ.

ಪಿನ್ನು ಹಾರಿತು. ಜೀಪು ಕೂತಿತು.

ಗುರುಗಳು ಇಲ್ಲಿಗೆ ನಿಲ್ಲಿಸಿ ಹರಿವಾಣದ ಬತ್ತಿಗಳನ್ನು ಒಂದು ಕಡೆಗೆ ಸರಿಸಿದರು.

ಗುರುಪಾದ ಕಾದ.

"ಗಡಿಗಿ ಏನಾದ್ವು ಅಜ್ಜಾರ?" ಎಂದು ಕೇಳಿದ.

"ಒಂದೂ ಸೀಳಲಿಲ್ಲ. ಚಕ್ಕಡಿಯವರು ಬಂದು ಹೊತ್ತು ದಾಟಿಸಿದರು. ವ್ಯಾಪಾರಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಎಲ್ಲವೂ ಖಣ್ ಎಂದವು. ಪ್ರತಿ ವರ್ಷ ತಾ ಎಂದ."

ಗುರುಪಾದನ ಮುಖ ಅರಳಿತು. ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಹಂಗಾದ್ರ ಬಿಗಿ ಮಾಡಿದ್ದು ಸರಿನ ಆತಲ್ರಿ? ಹಳ್ಳದಾಗ ಒಂದೀಟು ತ್ರಾಸಾತು, ಖರೆ. ಆದ್ರ ಮಾಲು ಮುಟ್ಟಿತು, ಮಾತು ಉಳೀತು. ಮುಂದಿನ ವರ್ಷ ಇನ್ನೂ ತೆಳುವಾದ ಗಡಿಗಿ ಮಾಡಿರಬೇಕು ಅಂವ."

"ಮುಂದಿನ ವರ್ಷ ತಿಗರಿಯ ಮುಂದೆ ಹೆಂಡತಿ ಕುಳಿತಳು" ಎಂದರು ಗುರುಗಳು. "ಗಡಿಗೆ ದಪ್ಪವಾದವು. ವ್ಯಾಪಾರಿ ಅವನ್ನೂ ತೆಗೆದುಕೊಂಡ."

"ಯಾಕ್ರಿ? ಅಂವ ಯಾಕ ಕುಂದ್ರಲಿಲ್ಲ?"

ಹೊರಗೆ ಬೇವಿನ ಕಟ್ಟೆಯಿಂದ ರುದ್ರಮುನಿ ದನಿ ಎತ್ತಿ ಕೂಗಿದ: "ಅಣ್ಣಾ, ಹೊತ್ತಾತು! ಬಸ್ ಬರೂ ಯಾಳೆ ಆತು. ನಾ ಹೋಗಿ ಹಿಟ್ಟು ನಾದಲೋ, ಇಲ್ಲಾ ಒಳಗ ಬಂದು ಬೈಸ್ಕೊಳ್ಳಲೋ?" ತೋಟದವನು ನಕ್ಕ ಸದ್ದು ಕೇಳಿತು.

ಗುರುಪಾದ ತಿರುಗಿ ನೋಡಲಿಲ್ಲ. ಅವನ ಕಣ್ಣು ಗುರುಗಳ ಮೇಲೆಯೇ ಇತ್ತು.

"ಹೇಳ್ರಿ ಅಜ್ಜಾರ. ಆ ಕೊಂಡಿಗೆ ಅಂವ ಕಡೀಕೆ ಏನು ಕೊಟ್ಟ?"

ಗುರುಗಳು ಕೊನೆಯ ಬತ್ತಿಯನ್ನು ಹೊಸೆದು ಇಟ್ಟರು.

"ಬೆರಳಷ್ಟು ಜಾಗ ಬಿಡಲಿಲ್ಲ; ಬೆರಳನ್ನೇ ಬಿಟ್ಟು ಬಂದ."